ಪೋಚಿಂಕಿ ಗೆಲ್ಲುತ್ತೇವೆ, ನಾಲ್ಕನೇ ಝೋನ್‌ನಲ್ಲಿ ಸಾಯುತ್ತೇವೆ: ಯಾವ ಗನ್ ಹಿಡಿಯಬೇಕು?

ಪ್ರಶ್ನೆ: ನಾವು ನಾಲ್ವರು ಬಿಜಿಎಂಐ (ಕೊನೆಯವರೆಗೆ ಉಳಿದ ತಂಡ ಗೆಲ್ಲುವ ಮೊಬೈಲ್ ಗನ್ ಆಟ) ಆಡುತ್ತೇವೆ. ಮೂವರು ಧಾರವಾಡದ ಸಪ್ತಾಪುರದಲ್ಲಿ ಒಂದೇ ರೂಮಿನಲ್ಲಿದ್ದೇವೆ. ನಾಲ್ಕನೆಯವನು ಹುಬ್ಬಳ್ಳಿಯ ಮನೆಯಲ್ಲಿರುವ ನನ್ನ ತಮ್ಮ, ವಯಸ್ಸು 16. ಎರಾಂಗಲ್ ಮ್ಯಾಪಿನಲ್ಲಿ ಪೋಚಿಂಕಿ ಊರಲ್ಲೇ ಇಳಿಯುತ್ತೇವೆ. ಐದಾರು ಕಿಲ್ ಆಗುತ್ತವೆ. ಆದರೆ ಆಡುವ ವೃತ್ತ ಕುಗ್ಗುತ್ತಾ ಕುಗ್ಗುತ್ತಾ ಮೂರನೇ, ನಾಲ್ಕನೇ ಝೋನ್ ಆಗುವ ಹೊತ್ತಿಗೆ ನಾಲ್ವರೂ ಔಟ್. ನನ್ನದು ಯಾವಾಗಲೂ ಎಕೆಎಂ ಮತ್ತು ಕಾರ್98ಕೆ. ತಮ್ಮನದು ಎಂ762 ಮತ್ತು ಕಾರ್98ಕೆ. ಒಬ್ಬ ಗೆಳೆಯ ಎಂ416 ಜೊತೆ ಎಸ್12ಕೆ ಶಾಟ್‌ಗನ್ ಬಿಡುವುದೇ ಇಲ್ಲ. ಇನ್ನೊಬ್ಬ ಡಿಪಿ-28 ಹಿಡಿಯುತ್ತಾನೆ, ಎರಡನೆಯದು ಸಿಕ್ಕಿದ್ದು. ಎಕೆಎಂ ಡ್ಯಾಮೇಜ್ ಜಾಸ್ತಿ ಅಂತ ನಾನು, ಎಂ416 ಒಳ್ಳೆಯದು ಅಂತ ಗೆಳೆಯ, ದಿನಾ ಇದೇ ಜಗಳ. ಫೋನ್‌ಗಳು ಸಾಧಾರಣ, 4 ಜಿಬಿ ರ‍್ಯಾಮ್. ಮುಂದಿನ ತಿಂಗಳು ಹುಬ್ಬಳ್ಳಿಯ ಕಾಲೇಜೊಂದರ ಫೆಸ್ಟ್‌ನಲ್ಲಿ ಟೂರ್ನಮೆಂಟ್ ಇದೆ. ಯಾವ ಗನ್ ಹಿಡಿಯಬೇಕು, ಹೇಗೆ ಆಡಬೇಕು? ಗನ್ ಮೂತಿಗೆ ಸಪ್ರೆಸರ್ ಹಾಕಬೇಕಾ, ಕಾಂಪೆನ್ಸೇಟರ್ ಹಾಕಬೇಕಾ?

ಉತ್ತರ: ಮೊದಲು ಎಕೆಎಂ, ಎಂ416 ಜಗಳ ಮುಗಿಸೋಣ. ಅದು ಮುಗಿಯದೆ ಉಳಿದದ್ದು ನಿಮ್ಮ ಕಿವಿಗೆ ಹೋಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಪ್ರತಿ ಆಟಗಾರನ ಹೆಲ್ತ್ 100. ಎರಡನೇ ಲೆವೆಲ್ ವೆಸ್ಟ್ (ಗುಂಡು ತಡೆಯುವ ಜಾಕೆಟ್) ಹಾಕಿದವನ ಎದೆಗೆ ಗುಂಡು ಬಿದ್ದರೆ ಡ್ಯಾಮೇಜ್‌ನಲ್ಲಿ ಶೇ. 40ರಷ್ಟು ಕಡಿಮೆಯಾಗುತ್ತದೆ. ಎಂ416 ಒಂದು ಗುಂಡಿನ ಡ್ಯಾಮೇಜ್ 41ರ ಹತ್ತಿರ. ವೆಸ್ಟ್ ಕಳೆದರೆ 25ಕ್ಕೂ ಕೆಳಗೆ. ಅಂದರೆ ಐದು ಗುಂಡು ಬೇಕು. ಎಕೆಎಂ 47ರ ಹತ್ತಿರ. ವೆಸ್ಟ್ ಕಳೆದರೂ 28 ಉಳಿಯುತ್ತದೆ. ನಾಲ್ಕು ಗುಂಡು ಸಾಕು. ನೀವು ಹೇಳುವುದು ಇಷ್ಟೇ ಅಲ್ವಾ? ಇಲ್ಲಿಯವರೆಗೆ ನೀವು ಸರಿ.

ಈಗ ವೇಗ ನೋಡಿ. ಎಂ416 ಎರಡು ಗುಂಡುಗಳ ನಡುವೆ 0.086 ಸೆಕೆಂಡ್ ತೆಗೆದುಕೊಳ್ಳುತ್ತದೆ, ಎಕೆಎಂ 0.1 ಸೆಕೆಂಡ್. ಎಂ416ನ ಐದನೇ ಗುಂಡು ಹೊರಡುವುದು 0.34 ಸೆಕೆಂಡಿಗೆ, ಎಕೆಎಂನ ನಾಲ್ಕನೆಯದು 0.3ಕ್ಕೆ. ವ್ಯತ್ಯಾಸ 0.04 ಸೆಕೆಂಡ್. ಎಕೆಎಂನ ಒಂದೇ ಒಂದು ಗುಂಡು ತಪ್ಪಿದರೆ 0.1 ಸೆಕೆಂಡ್ ಹೋಯಿತು, ಆ ಲಾಭವೂ ಹೋಯಿತು. ಇನ್ನು ವೆಸ್ಟ್ ಇಲ್ಲದವನಿಗೆ ಎರಡೂ ಗನ್‌ಗಳು ಮೂರೇ ಗುಂಡು ತೆಗೆದುಕೊಳ್ಳುತ್ತವೆ. ಆಗ ಎಂ416 ಬೇಗ. ಅಪ್‌ಡೇಟ್ ಬಂದಾಗ ಈ ಸಂಖ್ಯೆಗಳು ಒಂದೆರಡು ಅತ್ತಿತ್ತ ಆಗುತ್ತವೆ, ಆದರೆ ಲೆಕ್ಕದ ರೀತಿ ಬದಲಾಗುವುದಿಲ್ಲ.

ಹಾಗಾಗಿ ಜಗಳ ಡ್ಯಾಮೇಜ್ ಮೇಲೆ ತೀರ್ಮಾನ ಆಗುವುದಿಲ್ಲ. ಎಷ್ಟು ಗುಂಡು ತಾಗುತ್ತವೆ ಅನ್ನುವುದರ ಮೇಲೆ ಆಗುತ್ತದೆ. ಎಂ416ಗೆ ಐದು ಅಟ್ಯಾಚ್‌ಮೆಂಟ್ ಜಾಗ ಇವೆ: ಮೂತಿ, ಗ್ರಿಪ್, ಮ್ಯಾಗಜಿನ್, ಸ್ಕೋಪ್, ಸ್ಟಾಕ್. ಎಕೆಎಂಗೆ ಗ್ರಿಪ್ ಇಲ್ಲ, ಸ್ಟಾಕ್ ಇಲ್ಲ. ಎಷ್ಟೇ ಲೂಟ್ ಮಾಡಿದರೂ ಅದರ ಒದೆತ ಒಂದು ಮಟ್ಟಕ್ಕಿಂತ ಕಡಿಮೆ ಆಗುವುದಿಲ್ಲ. ಅಟ್ಯಾಚ್‌ಮೆಂಟ್ ಎಲ್ಲ ಸಿಕ್ಕ ಮೇಲೆ ಎಂ416 ಬೇರೆಯೇ ಗನ್ ಆಗುತ್ತದೆ. ಅದಕ್ಕೇ 4 ಜಿಬಿ ಫೋನಿನಲ್ಲಿ ಆಡುವವರಿಗೆ ನಾನು ಯಾವಾಗಲೂ ಎಂ416 ಅಥವಾ ಸ್ಕಾರ್-ಎಲ್ ಹೇಳುತ್ತೇನೆ. ಫ್ರೇಮ್ ಕಡಿಮೆ ಇರುವ ಪರದೆಯಲ್ಲಿ ಒದೆತ ಎಳೆದು ಹಿಡಿಯುವುದು ಕಷ್ಟ. ಗನ್ ಎಲ್ಲಿ ಏರಿತು ಅಂತ ಕಣ್ಣಿಗೆ ಕಾಣುವ ಹೊತ್ತಿಗೆ ಇನ್ನೆರಡು ಗುಂಡು ಹೋಗಿರುತ್ತವೆ.

ಆದರೆ ನಿಮ್ಮ ಗೆಳೆಯನಿಗೂ ಒಂದು ಮಾತು. ಇಳಿದ ಕೂಡಲೇ ಸಿಕ್ಕ ಬರಿ ಎಂ416 ಅಷ್ಟೇನೂ ಸೌಮ್ಯ ಅಲ್ಲ. ಮೊದಲ ಎರಡು ನಿಮಿಷ, ಮನೆ ಒಳಗೆ, ಐದಾರು ಮೀಟರ್ ದೂರದಲ್ಲಿ ಹೊಡೆದಾಡುವಾಗ ಎಕೆಎಂ ಸಿಕ್ಕರೆ ಖುಷಿಯಿಂದ ಎತ್ತಿಕೊಳ್ಳಿ. ಯುಎಂಪಿ45 ಸಿಕ್ಕರೂ ಒಳ್ಳೆಯದೇ. ಏನೂ ಹಾಕದೆಯೂ ಅದು ಅಲ್ಲಾಡುವುದು ಕಡಿಮೆ. ನಾನು ತರಬೇತಿ ಕೊಡುವ ಹುಡುಗರಲ್ಲಿ ಎಷ್ಟೋ ಮಂದಿ ಯುಎಂಪಿಯನ್ನು ತುಳಿದುಕೊಂಡು ಮುಂದೆ ಹೋಗಿ, ಎಂ416 ಹುಡುಕುತ್ತಾ ಬರಿಗೈಲಿ ಸತ್ತಿದ್ದಾರೆ. ಇದು ನೋಡಿ ನೋಡಿ ಬೇಜಾರಾಗಿದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನೀವು ಬರೆದ ಗನ್‌ಗಳನ್ನು ಒಂದು ಕಾಗದದ ಮೇಲೆ ಸಾಲಾಗಿ ಬರೆದು ನೋಡಿ. ಎಕೆಎಂ, ಕಾರ್98ಕೆ, ಎಂ762, ಮತ್ತೊಂದು ಕಾರ್98ಕೆ, ಡಿಪಿ-28. ಐದೂ 7.62 ಅಳತೆಯ ಗುಂಡಿನವು. ಮೂವರು ಒಂದೇ ಗುಂಡಿಗೆ ಮುಗಿಬೀಳುತ್ತೀರಿ. ನಾಲ್ಕನೆಯವನು ಒಬ್ಬನೇ 5.56 ಇಟ್ಟುಕೊಂಡಿದ್ದಾನೆ, ಅವನ ಗುಂಡು ಮುಗಿದರೆ ಕೊಡುವವರು ಯಾರೂ ಇಲ್ಲ. ಸ್ಕ್ವಾಡ್‌ನಲ್ಲಿ ಎರಡು ಬೋಲ್ಟ್ ಆ್ಯಕ್ಷನ್ ಸ್ನೈಪರ್ ಇವೆ, ಒಂದೂ ಡಿಎಂಆರ್ (ಬೋಲ್ಟ್ ಎಳೆಯದೆ ದೂರಕ್ಕೆ ಸಾಲಾಗಿ ಹೊಡೆಯುವ ಗನ್) ಇಲ್ಲ. ಒಂದು ಶಾಟ್‌ಗನ್ ಇದೆ, ಅದು ಮನೆ ಬಾಗಿಲು ದಾಟಿದ ಮೇಲೆ ಕೆಲಸಕ್ಕೆ ಬರುವುದಿಲ್ಲ. ನಾಲ್ವರೂ ತಮಗೆ ಇಷ್ಟವಾದದ್ದನ್ನು ಎತ್ತಿಕೊಂಡಿದ್ದೀರಿ. ನಾಲ್ವರಿಗೂ ಸೇರಿ ಯಾರೂ ಆರಿಸಿಲ್ಲ. ಗನ್ ಆರಿಸುವುದು ಒಬ್ಬನ ಕೆಲಸ ಅಲ್ಲ, ಸ್ಕ್ವಾಡ್ ಕೆಲಸ. ನನ್ನ ಉತ್ತರದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಪೋಚಿಂಕಿಯಲ್ಲಿ ಇದು ನಿಮಗೆ ಕಾಣುವುದಿಲ್ಲ. ಅಲ್ಲಿ ಎಲ್ಲ ಜಗಳವೂ ಮನೆಯಿಂದ ಮನೆಗೆ. ಎಕೆಎಂ, ಎಂ762, ಎಸ್12ಕೆ ಮೂರೂ ಹತ್ತಿರದ ಗನ್‌ಗಳೇ. ಅದಕ್ಕೇ ಗೆಲ್ಲುತ್ತೀರಿ. ಮೂರನೇ ಝೋನ್ ಹೊತ್ತಿಗೆ ಮೈದಾನಕ್ಕೆ ಬರುತ್ತೀರಿ. ಎದುರಾಳಿ 100, 150 ಮೀಟರ್ ದೂರದ ಗುಡ್ಡದ ಮೇಲಿರುತ್ತಾನೆ. ಆ ದೂರಕ್ಕೆ ನಿಮ್ಮಲ್ಲಿ ಇರುವುದು ಒಂದೊಂದೇ ಗುಂಡು ಹೊಡೆಯುವ ಎರಡು ಕಾರ್98ಕೆ ಮಾತ್ರ.

ಕಾರ್98ಕೆ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಆ ಗನ್ ಮೇಲೆ ನಮ್ಮ ಹುಡುಗರಿಗೆ ಇರುವ ಪ್ರೀತಿ ದೊಡ್ಡದು. ಎರಡನೇ ಲೆವೆಲ್ ಹೆಲ್ಮೆಟ್ ಹಾಕಿದವನನ್ನೂ ತಲೆಗೆ ಒಂದೇ ಗುಂಡು ಹೊಡೆದು ಬೀಳಿಸುತ್ತದೆ, ನಿಜ. ಮೂರನೇ ಲೆವೆಲ್ ಹೆಲ್ಮೆಟ್ ಇದ್ದರೆ ಬೀಳುವುದಿಲ್ಲ. ಅದಕ್ಕೆ ಏರ್‌ಡ್ರಾಪ್‌ನ ಎಡಬ್ಲ್ಯೂಎಂ ಸ್ನೈಪರ್ ಬೇಕು. ಕಾರ್98ಕೆಯಲ್ಲಿ ಐದೇ ಗುಂಡು, ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕು. ಒಂದು ತಪ್ಪಿದರೆ ಎದುರಾಳಿ ಕಲ್ಲಿನ ಹಿಂದೆ ಹೋಗಿರುತ್ತಾನೆ. ಇನ್ನೊಂದು ಮುಖ್ಯ ವಿಷಯ: 200 ಮೀಟರ್ ದೂರದಲ್ಲಿ ಒಬ್ಬ ನಾಕ್ ಆದರೆ (ಸಾಯದೆ ನೆಲಕ್ಕೆ ಬಿದ್ದರೆ) ನಿಮಗೆ ಸಿಕ್ಕಿದ್ದೇನು? ಅವನು ಕಲ್ಲಿನ ಹಿಂದೆ ತೆವಳಿದರೆ ಅವನ ಗೆಳೆಯ 10 ಸೆಕೆಂಡಿನಲ್ಲಿ ರಿವೈವ್ ಮಾಡಿ ಎಬ್ಬಿಸುತ್ತಾನೆ. ನಾಕ್ ಆದ ಕೂಡಲೇ ಅವರ ಮೇಲೆ ಏರುವವರು ಇದ್ದರೆ ಮಾತ್ರ ಸ್ನೈಪರ್‌ಗೆ ಬೆಲೆ. ನಿಮ್ಮ ಸ್ಕ್ವಾಡ್‌ನಲ್ಲಿ ಇಬ್ಬರು ದೂರ ಕೂತು ಸ್ಕೋಪ್ ನೋಡುತ್ತಿದ್ದರೆ ಏರುವವರು ಯಾರು?

ಆದ್ದರಿಂದ ಒಂದು ಬೋಲ್ಟ್ ಆ್ಯಕ್ಷನ್ ಸಾಕು. ಯಾರಿಗೆ? ಒಂದು ವಾರ ಲೆಕ್ಕ ಇಡಿ. ನೀವು, ನಿಮ್ಮ ತಮ್ಮ, ಇಬ್ಬರಲ್ಲಿ ಕಾರ್98ಕೆ ನಾಕ್ ಯಾರದು ಜಾಸ್ತಿಯೋ ಅವರಿಗೆ. ಇನ್ನೊಬ್ಬರು ಡಿಎಂಆರ್ ಹಿಡಿಯಬೇಕು: ಮಿನಿ14, ಎಸ್‌ಕೆಎಸ್ ಅಥವಾ ಎಸ್‌ಎಲ್‌ಆರ್. ಡಿಎಂಆರ್ ಒಂದೇ ಗುಂಡಿಗೆ ಬೀಳಿಸುವುದಿಲ್ಲ, ಆದರೆ ಬಿಡದೆ ಹೊಡೆಯುತ್ತದೆ. ಎರಡು ಗುಂಡು ತಾಗಿದರೆ ಎದುರಾಳಿ ತಲೆ ತಗ್ಗಿಸಿ ಹೀಲ್ ಹಾಕಿಕೊಳ್ಳಲು ಕೂರುತ್ತಾನೆ. ಫಸ್ಟ್ ಏಡ್‌ಗೆ 6 ಸೆಕೆಂಡ್, ಮೆಡ್‌ಕಿಟ್‌ಗೆ 8. ಆ 6 ಸೆಕೆಂಡಿನಲ್ಲಿ ನಿಮ್ಮ ಇಬ್ಬರು ಓಡಿ 30 ಮೀಟರ್ ಮುಂದಿನ ಮರ ಸೇರಿಕೊಳ್ಳಬಹುದು. ಜಾಗ ಗೆಲ್ಲುವುದು ಹೀಗೆ. ಮಿನಿ14ರಲ್ಲಿ ಇಪ್ಪತ್ತು ಗುಂಡು ಇರುತ್ತವೆ, ಅದರ ಗುಂಡಿನ ವೇಗವೂ ಕಾರ್98ಕೆಗಿಂತ ಜಾಸ್ತಿ. ಓಡುವವನ ಮುಂದೆ ಎಷ್ಟು ಗುರಿ ಹಿಡಿಯಬೇಕು ಅನ್ನುವ ಅಂದಾಜು ಸುಲಭವಾಗುತ್ತದೆ. ಸಾಧಾರಣ ಫೋನಿಗೆ ಇದಕ್ಕಿಂತ ಒಳ್ಳೆಯ ದೂರದ ಗನ್ ನನಗೆ ಕಂಡಿಲ್ಲ.

ನಾನಾಗಿದ್ದರೆ ಹೀಗೆ ಹಂಚುತ್ತಿದ್ದೆ. ಎಂ416 ಗೆಳೆಯ ಮತ್ತು ನಿಮ್ಮ ತಮ್ಮ ಇಬ್ಬರೂ 5.56. ಗೆಳೆಯನಿಗೆ ಎಂ416 ಇರಲಿ. ಮೊದಲ ಎರಡು ಝೋನ್ ಶಾಟ್‌ಗನ್ ಇಟ್ಟುಕೊಳ್ಳಲಿ, ಮೂರನೇ ಝೋನ್ ಶುರುವಾದ ಕೂಡಲೇ ಬಿಸಾಕಲಿ. ಆಮೇಲೆ ಎರಡನೇ ಗನ್ ಯಾವುದಾದರೂ ಆಗಲಿ, ಮ್ಯಾಗಜಿನ್ ಬದಲಿಸುವ ಬದಲು ಥಟ್ಟನೆ ತೆಗೆದು ಹೊಡೆಯಲು ಬರಬೇಕು. ತಮ್ಮನಿಗೆ ಸ್ಕಾರ್-ಎಲ್ ಅಥವಾ ಎಂ416, ಜೊತೆಗೆ ಮಿನಿ14. ಎರಡಕ್ಕೂ ಒಂದೇ ಗುಂಡು, ಚೀಲದಲ್ಲಿ ಜಾಗ ಉಳಿಯುತ್ತದೆ. ನೀವು 7.62. ಎಕೆಎಂ ನಿಮಗೆ ಅಷ್ಟು ಇಷ್ಟವಾದರೆ ಇಟ್ಟುಕೊಳ್ಳಿ, ಆದರೆ ಎಂ762 ಸಿಕ್ಕರೆ ಬದಲಿಸಿ. ಅದಕ್ಕೆ ಗ್ರಿಪ್ ಹಾಕಬಹುದು, ಹತ್ತಿರದಲ್ಲಿ ಅದರ ಮುಂದೆ ನಿಲ್ಲುವ ಗನ್ ಕಡಿಮೆ. ಕಾರ್98ಕೆ ನಿಮ್ಮ ಬೆನ್ನಿಗಿರಲಿ; ವಾರದ ಲೆಕ್ಕದಲ್ಲಿ ತಮ್ಮ ಮುಂದಿದ್ದರೆ ಇದನ್ನು ಅವನಿಗೆ ಕೊಟ್ಟು ಡಿಎಂಆರ್ ನೀವು ಹಿಡಿಯಿರಿ. ಡಿಪಿ-28 ಗೆಳೆಯನನ್ನು ಯಾರೂ ಆಡಿಕೊಳ್ಳಬೇಡಿ. 47 ಗುಂಡಿನ ತಟ್ಟೆ, ಮಲಗಿ ಹೊಡೆದರೆ ಅಲ್ಲಾಡುವುದೇ ಇಲ್ಲ ಅನ್ನಬಹುದು. ಕಾರಿನಲ್ಲಿ ಬರುವವರನ್ನು ನಿಲ್ಲಿಸಲು, ನೀವು ಓಡುವಾಗ ಹಿಂದಿನಿಂದ ಕವರ್ ಕೊಡಲು ಒಳ್ಳೆಯ ಗನ್. ರೀಲೋಡ್ ಮಾತ್ರ ನಿಧಾನ. ಹಾಗಾಗಿ ಅವನು ಮನೆ ಒಳಗೆ ಮೊದಲು ನುಗ್ಗಬಾರದು.

ಸ್ಕೋಪ್ ವಿಷಯದಲ್ಲೂ ಹಂಚಿಕೊಳ್ಳಿ. 6ಎಕ್ಸ್ ಸಿಕ್ಕಿದವನು ಅದನ್ನು 3ಎಕ್ಸ್‌ಗೆ ಇಳಿಸಿ ಎಂ416 ಮೇಲೆ ಹಾಕಬಹುದು. ಬೇರೆ 3ಎಕ್ಸ್ ಹುಡುಕುತ್ತಾ ಅಲೆಯುವುದು ಬೇಡ. ಗುಂಡು ಒಬ್ಬೊಬ್ಬರಿಗೆ 150ರಿಂದ 180 ಸಾಕು. 300 ಗುಂಡು ಹೊತ್ತುಕೊಂಡು ಒಂದೂ ಸ್ಮೋಕ್ (ಹೊಗೆ ಗ್ರೆನೇಡ್) ಇಲ್ಲದೆ ಓಡಾಡುವ ಸ್ಕ್ವಾಡ್‌ಗಳೇ ಜಾಸ್ತಿ. ಒಬ್ಬೊಬ್ಬರಿಗೆ ಸ್ಮೋಕ್ ಮೂರು, ಗ್ರೆನೇಡ್ ಎರಡು. ಇದನ್ನು ನಿಯಮ ಮಾಡಿಕೊಳ್ಳಿ. ಔಷಧಿಯಲ್ಲಿ ಬ್ಯಾಂಡೇಜ್ ನಂಬಬೇಡಿ. ಒಂದಕ್ಕೆ ಹೆಲ್ತ್ 10 ಮಾತ್ರ. ಫಸ್ಟ್ ಏಡ್ 75ರವರೆಗೆ ತರುತ್ತದೆ, ಅದರ ಮೇಲಕ್ಕೆ ಎನರ್ಜಿ ಡ್ರಿಂಕ್, ಪೇನ್‌ಕಿಲ್ಲರ್ ಬೇಕು. ಕೊನೆಯ ಝೋನ್‌ಗಳಿಗೆ ಮೆಡ್‌ಕಿಟ್ ಒಂದು ಉಳಿಸಿಕೊಳ್ಳಿ.

ಗನ್ ಸರಿಯಾಯಿತು ಅಂದುಕೊಳ್ಳೋಣ. ಆದರೂ ನಾಲ್ಕನೇ ಝೋನ್‌ನಲ್ಲಿ ಸಾಯಬಹುದು. ಯಾಕೆಂದರೆ ನೀವು ಅಲ್ಲಿಗೆ ತಡವಾಗಿ ಬರುತ್ತಿದ್ದೀರಿ.

ನಿಮ್ಮ ಪಂದ್ಯ ಹೇಗೆ ನಡೆಯುತ್ತದೆ ಅಂತ ನಾನು ಊಹಿಸಬಲ್ಲೆ. ಪೋಚಿಂಕಿಯಲ್ಲಿ ಗೆದ್ದಿರಿ. ಬಿದ್ದವರ ಪೆಟ್ಟಿಗೆ ಒಂದೊಂದೇ ತೆರೆದಿರಿ. ಉಳಿದ ಮನೆಗಳನ್ನೂ ನೋಡಿದಿರಿ. ಎರಡನೇ ಝೋನ್ ಬಂತು, ಕುಗ್ಗುವ ಝೋನಿನ ನೀಲಿ ಗೋಡೆ ಬೆನ್ನಿಗೆ ಬಂದಾಗ ಕಾರು ಹುಡುಕಿದಿರಿ. ನಾಲ್ವರೂ ಒಂದೇ ಡಾಸಿಯಾ ಕಾರಿನಲ್ಲಿ ತುಂಬಿಕೊಂಡು ಝೋನ್ ಒಳಗಿನ ಮನೆಗಳ ಕಡೆ ನೇರವಾಗಿ ಓಡಿಸಿದಿರಿ. ಅಲ್ಲಿ ಆಗಲೇ ಒಂದು ತಂಡ ಕೂತಿತ್ತು. ಕಾರಿಳಿಯುವ ಮೊದಲೇ ಇಬ್ಬರು ನಾಕ್. ಇಷ್ಟೇ ಅಲ್ವಾ?

ಪೋಚಿಂಕಿ ಎರಾಂಗಲ್‌ನ ಹೆಚ್ಚುಕಡಿಮೆ ನಟ್ಟನಡುವೆ ಇದೆ. ಮ್ಯಾಪ್ 8 ಕಿ.ಮೀ. ಅಗಲ, 8 ಕಿ.ಮೀ. ಉದ್ದ. ನಡುವೆ ಇಳಿದವರಿಗೆ ಝೋನ್ ಯಾವ ಕಡೆ ಹೋದರೂ ದೂರ ಕಡಿಮೆ. ಈ ಲಾಭ ನಿಮ್ಮ ಕೈಯಲ್ಲಿದೆ, ನೀವು ಲೂಟ್ ಮಾಡುತ್ತಾ ಅದನ್ನು ಕಳೆಯುತ್ತಿದ್ದೀರಿ. ಝೋನ್ ದಕ್ಷಿಣದ ಮಿಲಿಟರಿ ಬೇಸ್ ದ್ವೀಪಕ್ಕೆ ಹೋದಾಗಲಂತೂ ತಡಮಾಡಿದವರ ಕಥೆ ಮುಗಿದಂತೆ. ಅಲ್ಲಿಗೆ ಎರಡೇ ಸೇತುವೆ, ಎರಡರ ಮೇಲೂ ಯಾರೋ ಕಾಯುತ್ತಿರುತ್ತಾರೆ. ಅಂಥ ಝೋನ್ ಬಂದರೆ ಮೊದಲ ವೃತ್ತ ಕಂಡ ಕೂಡಲೇ ಹೊರಡಿ, ಇಲ್ಲವೇ ದೋಣಿ ಹುಡುಕಿ.

ಮೊದಲೇ ಹೋಗಿ ಕೂತವನಿಗೆ ಯಾಕೆ ಅಷ್ಟು ಲಾಭ? ಕ್ಯಾಮೆರಾದಿಂದ. ನೀವು ಆಡುವುದು ಟಿಪಿಪಿ, ಅಂದರೆ ಆಟಗಾರನನ್ನು ಹೊರಗಿನಿಂದ ನೋಡುತ್ತಾ ಆಡುವುದು. ಕ್ಯಾಮೆರಾ ನಿಮ್ಮ ಆಟಗಾರನ ಬೆನ್ನ ಹಿಂದೆ, ಸ್ವಲ್ಪ ಮೇಲೆ ಇರುತ್ತದೆ. ಗೋಡೆಯ ಹಿಂದೆ ನಿಂತವನು ತಲೆ ಹೊರಗೆ ಹಾಕದೆಯೇ ಗೋಡೆಯಾಚೆ ನೋಡಬಹುದು. ಓಡಿ ಬರುವವನಿಗೆ ಅವನು ಕಾಣುವುದೇ ಇಲ್ಲ. ಅವನು ಗುರಿ ಮೊದಲೇ ಸರಿಮಾಡಿಕೊಂಡು, ನೀವು ಬಂದಾಗ ಒಂದು ಹೆಜ್ಜೆ ಪಕ್ಕಕ್ಕಿಟ್ಟು ಹೊಡೆಯುತ್ತಾನೆ. ಕೈಚಳಕ ಸಮಾನವಾಗಿದ್ದರೆ ಈ ಜಗಳದಲ್ಲಿ ಕೂತವನೇ ಗೆಲ್ಲುತ್ತಾನೆ. ಎಫ್‌ಪಿಪಿಯಲ್ಲಿ ಕ್ಯಾಮೆರಾ ಆಟಗಾರನ ಕಣ್ಣಿನ ಜಾಗದಲ್ಲೇ ಇರುವುದರಿಂದ ಈ ಲಾಭ ಇಲ್ಲ. ಟೂರ್ನಮೆಂಟ್ ಯಾವುದರಲ್ಲಿ ಅಂತ ಕೇಳಿಕೊಳ್ಳಿ, ಸಾಮಾನ್ಯವಾಗಿ ಟಿಪಿಪಿಯೇ ಇರುತ್ತದೆ.

ಹಾಗಾಗಿ ನಿಮ್ಮ ಗಡಿಯಾರ ಬದಲಿಸಿ. ಪೋಚಿಂಕಿ ಜಗಳ ಮುಗಿದ ಮೇಲೆ ಇಬ್ಬರು ಲೂಟ್, ಇಬ್ಬರು ಕಾರು. ಕಾರು ಎರಡು ಬೇಕು. ಒಂದೇ ಕಾರಿನಲ್ಲಿ ನಾಲ್ವರಿದ್ದರೆ ಒಂದು ಮ್ಯಾಗಜಿನ್‌ಗೆ ನಾಲ್ವರೂ ಸಿಕ್ಕಿಬೀಳುತ್ತೀರಿ. ಎರಡನೇ ವೃತ್ತ ಕಂಡ ಹೊತ್ತಿಗೆ ಅದರೊಳಗೆ ಒಂದು ಜಾಗ ಹಿಡಿದಿರಬೇಕು. ಎಲ್ಲರ ಕಣ್ಣೂ ದೊಡ್ಡ ಮನೆಗಳ ಗುಂಪಿನ ಮೇಲೆ ಇರುತ್ತದೆ. ನೀವು ಅಂಚಿನ ಒಂಟಿ ಮನೆಯನ್ನೋ, ಕಲ್ಲುಗಳಿರುವ ದಿಬ್ಬವನ್ನೋ ಹಿಡಿಯಿರಿ. ಹೋಗುವ ಮೊದಲು 200 ಮೀಟರ್ ಹಿಂದೆ ನಿಂತು ನೋಡಿ. ಬಾಗಿಲು ತೆರೆದಿದೆಯಾ? ಹೊರಗೆ ಕಾರು ನಿಂತಿದೆಯಾ? ತಮ್ಮ ಮಿನಿ14ನಿಂದ ಕಿಟಕಿಗೆ ಎರಡು ಗುಂಡು ಹೊಡೆಯಲಿ. ಒಳಗಿದ್ದವರು ಬಹಳ ಸಲ ತಿರುಗಿ ಹೊಡೆದು ತಮ್ಮನ್ನು ತಾವೇ ತೋರಿಸಿಕೊಳ್ಳುತ್ತಾರೆ.

ನಾಲ್ಕನೇ ಝೋನ್ ಆದ ಮೇಲೆ ಮನೆ ಸಿಗದೇ ಹೋಗಬಹುದು. ಆಗ ಕಾರನ್ನೇ ಗೋಡೆ ಮಾಡಿಕೊಳ್ಳಿ. ಎದುರಾಳಿಗೆ ಅಡ್ಡವಾಗಿ ನಿಲ್ಲಿಸಿ, ಇಳಿದು ಚಕ್ರದ ಹಿಂದೆ ಕೂರಿ. ಹೊಗೆ ಬಂದರೆ ಬಿಟ್ಟು ಓಡಿ, ಅದು ಸಿಡಿಯುತ್ತದೆ. ಹುಲ್ಲಿನಲ್ಲಿ ಮಲಗಿದರೆ ಕಾಣುವುದಿಲ್ಲ ಅಂತ ಅನೇಕರು ನಂಬಿದ್ದಾರೆ. ಹತ್ತಿರದವನಿಗೆ ಕಾಣದಿರಬಹುದು. ದೂರದವನ ಪರದೆಯಲ್ಲಿ ಆ ಹುಲ್ಲು ಮೂಡುವುದೇ ಇಲ್ಲ, ಬರಿ ನೆಲದ ಮೇಲೆ ನೀವು ಮಲಗಿದ ಹಾಗೆ ಕಾಣುತ್ತೀರಿ. ಮಲಗುವುದಾದರೆ ಇಳಿಜಾರಿನ ಹಿಂದೆ ಮಲಗಿ.

ಇನ್ನು ರಶ್, ಅಂದರೆ ಎದುರಾಳಿಯ ಮೇಲೆ ನುಗ್ಗುವುದು. ನಿಮಗೆ ಇದು ಇಷ್ಟ ಅಂತ ಗನ್ ನೋಡಿದರೇ ಗೊತ್ತಾಗುತ್ತದೆ. ರಶ್ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆ ಎಲ್ಲರೂ ಕಬಡ್ಡಿ ನೋಡಿ ಬೆಳೆದವರು. ರೈಡರ್ ಒಳಗೆ ಬಂದಾಗ ಕಾರ್ನರ್‌ನವನು ಕಾಲು ಹಿಡಿದ ಕ್ಷಣಕ್ಕೇ ಉಳಿದವರು ಮೈಮೇಲೆ ಬೀಳಬೇಕು. ಒಬ್ಬ ಹಿಡಿದು ಉಳಿದವರು ನಿಂತು ನೋಡಿದರೆ ಪಾಯಿಂಟ್ ಅವನಿಗೇ ಹೋಗುತ್ತದೆ. ರಶ್ ಕೂಡ ಹಾಗೇ. ಒಬ್ಬ ನಾಕ್ ಆದ ಕೂಡಲೇ, ಅವರು ನಾಲ್ವರಿಂದ ಮೂವರಾದ ಆ ಹೊತ್ತಿನಲ್ಲಿ, ಇಬ್ಬರು ಒಟ್ಟಿಗೆ ಏರಬೇಕು. ಮೂರನೆಯವನು ಪಕ್ಕದಿಂದ ಬರಬೇಕು. ಡಿಪಿಯವನು ಹಿಂದಿನಿಂದ ಕಿಟಕಿಗೆ ಹೊಡೆಯುತ್ತಲೇ ಇರಬೇಕು. ನಾಕ್ ಆಗದೆ ಏರಬೇಕಾದರೆ ಮೊದಲು ಗ್ರೆನೇಡ್ ಹೋಗಬೇಕು. ಪಿನ್ ಎಳೆದ ಕೂಡಲೇ ಎಸೆದರೆ ಒಳಗಿನವರು ಓಡಿ ತಪ್ಪಿಸಿಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ಎಸೆಯಿರಿ. ಟ್ರೇನಿಂಗ್ ಗ್ರೌಂಡ್‌ನಲ್ಲಿ ಇದನ್ನು ಕೈಗೆ ಹತ್ತಿಸಿಕೊಳ್ಳಿ, ಪಂದ್ಯದಲ್ಲಿ ಕಲಿಯಲು ಹೋದರೆ ನಿಮ್ಮ ಕೈಯಲ್ಲೇ ಸಿಡಿಯುತ್ತದೆ.

ನಿಮ್ಮವನು ನಾಕ್ ಆದರೆ ಮೊದಲು ಸ್ಮೋಕ್, ಆಮೇಲೆ ರಿವೈವ್. ಸ್ಮೋಕ್ ಅನ್ನು ಅವನ ಮೇಲೆ ಹಾಕಬೇಡಿ, ಅವನಿಗೂ ಎದುರಾಳಿಗೂ ನಡುವೆ ಹಾಕಿ. ಅವನ ಮೇಲೇ ಹಾಕಿದರೆ ಎದುರಾಳಿ ಆ ಹೊಗೆಯ ನಡುವಿಗೆ ಕಣ್ಣುಮುಚ್ಚಿ ಹೊಡೆಯುತ್ತಾನೆ, ನೀವಿಬ್ಬರೂ ಅಲ್ಲೇ ಇರುತ್ತೀರಿ.

ಮಾತಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹುಡುಗರ ಆಟ ಪಕ್ಕದಲ್ಲಿ ಕೂತು ಕೇಳಿದರೆ ಬರುವ ಮಾತು ಇದು: "ಅಲ್ಲೇ ಅದಾನಲೇ! ಹೊಡೀರಲೇ! ಮ್ಯಾಲ, ಮ್ಯಾಲ!" ಎಲ್ಲಿ ಮೇಲೆ? ಯಾವ ಮನೆ? ನೀವು ಮೂವರು ಒಂದೇ ರೂಮಿನಲ್ಲಿ ಕೂತು ಒಬ್ಬರ ಪರದೆ ಒಬ್ಬರು ನೋಡಿಕೊಳ್ಳುತ್ತೀರಿ, ನಿಮಗೆ ಅರ್ಥವಾಗುತ್ತದೆ. ಹುಬ್ಬಳ್ಳಿಯಲ್ಲಿ ಕೂತ ತಮ್ಮನಿಗೆ ಆಗುವುದಿಲ್ಲ. ಅವನು ಯಾವಾಗಲೂ ಒಂದು ಹೆಜ್ಜೆ ಹಿಂದೆ ಉಳಿಯುತ್ತಾನೆ. ಪರದೆಯ ಮೇಲ್ಗಡೆ ದಿಕ್ಸೂಚಿಯ ಸಂಖ್ಯೆ ಇದೆ, ಅದನ್ನು ಹೇಳಿ. "240, ಎರಡಂತಸ್ತಿನ ಮನಿ, ಮ್ಯಾಲಿನ ಕಿಟಕಿ, ಒಬ್ಬ, ಎರಡು ಗುಂಡು ಬಿದ್ದಾವ." ಇಷ್ಟು ಸಾಕು. ದಿಕ್ಕು, ಜಾಗ, ಎಷ್ಟು ಮಂದಿ, ಹೆಲ್ತ್ ಹೇಗಿದೆ. ಆಮೇಲೆ ಒಬ್ಬನೇ ತೀರ್ಮಾನ ಹೇಳಬೇಕು. ನಾಲ್ವರೂ ಲೀಡರ್ ಆದರೆ ಇಬ್ಬರು ಏರುತ್ತಾರೆ, ಇಬ್ಬರು ಹಿಂದೆ ಓಡುತ್ತಾರೆ. ಲೀಡರ್ ಆಗುವವನು ಚೆನ್ನಾಗಿ ಹೊಡೆಯುವವನೇ ಆಗಬೇಕಿಲ್ಲ. ಡಿಪಿ ಹಿಡಿದು ಹಿಂದೆ ಇರುವ ಗೆಳೆಯನಿಗೆ ಇಡೀ ಜಾಗ ಕಾಣುತ್ತದೆ. ಅವನಿಗೇ ಕೊಟ್ಟು ನೋಡಿ. ತೀರ್ಮಾನ ತಪ್ಪು ಅನಿಸಿದರೂ ಪಂದ್ಯ ಮುಗಿಯುವವರೆಗೆ ಕೇಳಿ, ಜಗಳ ಆಮೇಲೆ ಆಡಿ.

ಫೋನಿಗೆ ಬರೋಣ. ಗ್ರಾಫಿಕ್ಸ್ ಸ್ಮೂತ್‌ಗೆ ಇಳಿಸಿ, ಫ್ರೇಮ್ ರೇಟ್ ನಿಮ್ಮ ಫೋನ್ ಕೊಡುವ ಗರಿಷ್ಠಕ್ಕೆ ಏರಿಸಿ. ಚಂದ ಕಾಣುವುದು ಬೇಡ, ಬೇಗ ಕಾಣಬೇಕು. ಚಾರ್ಜ್ ಹಾಕಿಕೊಂಡು ಆಡಬೇಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಫೋನ್ ಮೊದಲೇ ಕಾದಿರುತ್ತದೆ, ಚಾರ್ಜ್ ಹಾಕಿದರೆ ಇನ್ನೂ ಕಾದು ತಾನೇ ನಿಧಾನ ಆಗುತ್ತದೆ. ಸರಿಯಾಗಿ ಕೊನೆಯ ಝೋನ್ ಹೊತ್ತಿಗೆ ಫ್ರೇಮ್ ಬೀಳುವುದು ಇದರಿಂದಲೇ. ಬ್ಲೂಟೂತ್ ಇಯರ್‌ಫೋನ್ ಬಿಡಿ, ಹೆಜ್ಜೆ ಸದ್ದು ತಡವಾಗಿ ಕೇಳುತ್ತದೆ. ವೈರ್ ಇರುವ ಸಾಧಾರಣ ಇಯರ್‌ಫೋನ್ ಅದಕ್ಕಿಂತ ಮೇಲು. ಮೂವರೂ ಒಂದೇ ವೈಫೈನಲ್ಲಿದ್ದೀರಾ? ಹಾಗಾದರೆ ಪಿಂಗ್ (ನೆಟ್ ಎಷ್ಟು ತಡಮಾಡುತ್ತದೆ ಅನ್ನುವ ಸಂಖ್ಯೆ) ನೋಡಿ. ಒಮ್ಮೆ 40, ಒಮ್ಮೆ 200 ಅಂತ ಕುಣಿಯುವ ವೈಫೈಗಿಂತ 80ರಲ್ಲಿ ನಿಂತಿರುವ ಮೊಬೈಲ್ ಡೇಟಾ ಒಳ್ಳೆಯದು. ಕರೆಂಟ್ ಹೋದರೆ ರೂಟರ್ ಮೂವರನ್ನೂ ಒಟ್ಟಿಗೆ ಕೈಬಿಡುತ್ತದೆ. ಟೂರ್ನಮೆಂಟ್ ದಿನ ಒಬ್ಬರಾದರೂ ಡೇಟಾದಲ್ಲಿರಿ.

ಜೈರೋಸ್ಕೋಪ್ ಇದ್ದರೆ ಇವತ್ತೇ ಆನ್ ಮಾಡಿ, ಸ್ಕೋಪ್ ತೆರೆದಾಗ ಮಾತ್ರ ಕೆಲಸ ಮಾಡುವ ಹಾಗೆ ಇಡಿ. ಮೊದಲ ಮೂರ್ನಾಲ್ಕು ದಿನ ಕೈ ತಪ್ಪುತ್ತದೆ, ಆಟ ಹಾಳಾದ ಹಾಗೆ ಅನಿಸುತ್ತದೆ. ಬಿಡಬೇಡಿ. ಎಂ416 ಒದೆತವನ್ನು ಹೆಬ್ಬೆರಳಿಗಿಂತ ಫೋನ್ ಬಾಗಿಸಿ ಹಿಡಿಯುವುದು ಸುಲಭ. ಬೇರೆಯವರ ಸೆನ್ಸಿಟಿವಿಟಿ ಕೋಡ್ ಹಾಕಿಕೊಳ್ಳಬೇಡಿ. ಅವರ ಫೋನ್ ಬೇರೆ, ಪರದೆ ಬೇರೆ, ಫ್ರೇಮ್ ಬೇರೆ. ದಿನಕ್ಕೆ ಅರ್ಧ ಗಂಟೆ ಟ್ರೇನಿಂಗ್ ಗ್ರೌಂಡ್‌ನಲ್ಲಿ ಒಂದೇ ಗನ್ ಹಿಡಿದು, ಮೊದಲು ರೆಡ್ ಡಾಟ್‌ನಲ್ಲಿ, ಆಮೇಲೆ 3ಎಕ್ಸ್‌ನಲ್ಲಿ ಗೋಡೆಗೆ ಮ್ಯಾಗಜಿನ್ ಖಾಲಿ ಮಾಡಿ. ಗುಂಡಿನ ಗುರುತು ಮೇಲಕ್ಕೆ ಹೋದರೆ ಸೆನ್ಸಿಟಿವಿಟಿ ಸ್ವಲ್ಪ ಏರಿಸಿ, ಕೆಳಕ್ಕೆ ಹೋದರೆ ಇಳಿಸಿ.

ಹಳೆಯ ವಿಡಿಯೋ ನೋಡಿ ಕಲಿಯುವುದನ್ನೂ ಕಡಿಮೆ ಮಾಡಿ. ಪಬ್‌ಜಿ ಮೊಬೈಲ್ ನಮ್ಮಲ್ಲಿ ನಿಷೇಧವಾದದ್ದು 2020ರ ಸೆಪ್ಟೆಂಬರ್‌ನಲ್ಲಿ. ಕ್ರಾಫ್ಟನ್ ಕಂಪನಿ ಅದರ ಬದಲಿಗೆ ಬಿಜಿಎಂಐ ತಂದದ್ದು 2021ರ ಜುಲೈನಲ್ಲಿ. 2022ರ ಜುಲೈನಲ್ಲಿ ಅದೂ ಹೋಗಿ, 2023ರ ಮೇ ಕೊನೆಗೆ ತಿರುಗಿ ಬಂತು. ಹಳೆಯ ವಿಡಿಯೋಗಳ ಕಾಲದಿಂದ ಗನ್‌ಗಳು ಬಹಳ ಬದಲಾಗಿವೆ. ವೆಕ್ಟರ್ ಮೊದಲು .45 ಗುಂಡಿನದಾಗಿತ್ತು, ಆಮೇಲೆ 9 ಎಂಎಂ ಆಯಿತು. 2019ರ ವಿಡಿಯೋದಲ್ಲಿ ಯಾರೋ ಹೇಳಿದ ಡ್ಯಾಮೇಜ್ ಪಟ್ಟಿ ಇಟ್ಟುಕೊಂಡು ಇವತ್ತು ಜಗಳ ಆಡುವುದರಲ್ಲಿ ಅರ್ಥವಿಲ್ಲ.

ನಿಮ್ಮ ತಮ್ಮನ ವಿಷಯ. 18 ತುಂಬದವರಿಗೆ ಬಿಜಿಎಂಐನಲ್ಲಿ ದಿನಕ್ಕೆ 3 ಗಂಟೆಯ ಮಿತಿ ಇದೆ, ಮನೆಯವರ ಒಪ್ಪಿಗೆಯೂ ಬೇಕು. ಬೆಳಗ್ಗೆ ಸುಮ್ನೆ ಟಿಡಿಎಂ (ಎರಡು ತಂಡಗಳ ಚಿಕ್ಕ ಪಂದ್ಯ) ಆಡುತ್ತಾ ಎರಡೂವರೆ ಗಂಟೆ ಕಳೆದರೆ ಸಂಜೆ ನಿಮ್ಮ ಜೊತೆ ಅಭ್ಯಾಸಕ್ಕೆ ಅವನಿಗೆ ಅರ್ಧ ಗಂಟೆ ಉಳಿಯುತ್ತದೆ. ಟೂರ್ನಮೆಂಟ್ ದಿನವೂ ಇದೇ ತೊಂದರೆ ಆಗಬಹುದು. ಆ ದಿನ ಪಂದ್ಯಕ್ಕೆ ಮೊದಲು ಅವನು ಆಟ ತೆರೆಯುವುದೇ ಬೇಡ. 16 ವರ್ಷದವರನ್ನು ಸೇರಿಸಿಕೊಳ್ಳುತ್ತಾರಾ ಅಂತ ಫೆಸ್ಟ್‌ನವರನ್ನು ಈಗಲೇ ಕೇಳಿ. ಹಣ ಕಟ್ಟಿದ ಮೇಲೆ ಕೇಳಿದರೆ ತಡವಾಗುತ್ತದೆ. ಅಪ್ಪ ಅಮ್ಮನಿಗೆ ಹೇಳಿಯೇ ಅವನನ್ನು ಕರೆತನ್ನಿ.

ಫೆಸ್ಟ್‌ನವರನ್ನು ಇನ್ನೊಂದು ಕೇಳಬೇಕು: ಪಾಯಿಂಟ್ ಹೇಗೆ? ದೊಡ್ಡ ಟೂರ್ನಮೆಂಟ್‌ಗಳಲ್ಲಿ 16 ತಂಡ, 64 ಆಟಗಾರರು ಇರುತ್ತಾರೆ. ಪಂದ್ಯ ಗೆದ್ದವರಿಗೆ 10 ಪಾಯಿಂಟ್, ಎರಡನೆಯವರಿಗೆ 6, ಪ್ರತಿ ಕಿಲ್‌ಗೆ 1. ನಿಮ್ಮಲ್ಲೂ ಹೀಗೇ ಇದ್ದರೆ ಪೋಚಿಂಕಿಯಲ್ಲಿ ಐದು ಕಿಲ್ ಮಾಡಿ ಸತ್ತ ತಂಡಕ್ಕೂ, ಎರಡೇ ಕಿಲ್ ಮಾಡಿ ಮೂರು, ನಾಲ್ಕನೇ ಸ್ಥಾನಕ್ಕೆ ಬಂದ ತಂಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಕಿಲ್‌ಗೇ ಜಾಸ್ತಿ ಪಾಯಿಂಟ್ ಇಟ್ಟಿದ್ದರೆ ಪೋಚಿಂಕಿ ಬಿಡಬೇಡಿ. ಸ್ಥಾನಕ್ಕೆ ಜಾಸ್ತಿ ಇದ್ದರೆ, 64 ಮಂದಿಯಲ್ಲಿ ಇನ್ನೊಂದು ತಂಡವೂ ಅಲ್ಲೇ ಇಳಿಯುತ್ತದೆಯಾ ಅಂತ ಮೊದಲ ಪಂದ್ಯದಲ್ಲೇ ನೋಡಿಕೊಂಡು, ಇಳಿಯುವುದಾದರೆ ಎರಡನೇ ಪಂದ್ಯಕ್ಕೆ ರೋಝೋಕ್ ಅಥವಾ ಮಿಲ್ಟಾ ಊರಿನ ಕಡೆ ಹೋಗಿ. ಎರಡು ಇಳಿಯುವ ಜಾಗ ಮೊದಲೇ ಅಭ್ಯಾಸ ಮಾಡಿಟ್ಟುಕೊಳ್ಳಿ. ಯಾವ ಮನೆ ಯಾರಿಗೆ, ಕಾರು ಸಾಮಾನ್ಯವಾಗಿ ಎಲ್ಲಿ ನಿಂತಿರುತ್ತದೆ, ಇಷ್ಟು ಬಾಯಿಪಾಠ ಆಗಿರಲಿ.

ಕೊನೆಗೆ ಸಪ್ರೆಸರ್, ಕಾಂಪೆನ್ಸೇಟರ್ ಪ್ರಶ್ನೆ. ಸಪ್ರೆಸರ್ ಸದ್ದು ಮತ್ತು ಬೆಂಕಿಯ ಮಿಂಚು ಅಡಗಿಸುತ್ತದೆ, ಒದೆತ ಕಡಿಮೆ ಮಾಡುವುದಿಲ್ಲ. ಕಾಂಪೆನ್ಸೇಟರ್ ಒದೆತ ಕಡಿಮೆ ಮಾಡುತ್ತದೆ, ಸದ್ದು ಹಾಗೇ ಇರುತ್ತದೆ. ಎಂ416, ಎಂ762, ಎಕೆಎಂಗೆ ಕಣ್ಣುಮುಚ್ಚಿ ಕಾಂಪೆನ್ಸೇಟರ್ ಹಾಕಿ. ಹತ್ತಿರದ ಜಗಳದಲ್ಲಿ ನೀವು ಎಲ್ಲಿದ್ದೀರಿ ಅಂತ ಎದುರಾಳಿಗೆ ಹೇಗೂ ಗೊತ್ತಿರುತ್ತದೆ, ಅಲ್ಲಿ ಗುಂಡು ತಾಗುವುದು ಮುಖ್ಯ. ಸ್ನೈಪರ್ ಸಪ್ರೆಸರ್ ಸಿಕ್ಕರೆ ಕಾರ್98ಕೆಗೆ ಹಾಕಿ. ಒಂದೊಂದೇ ಗುಂಡಿನ ಗನ್‌ಗೆ ಒದೆತದ ಚಿಂತೆ ಇಲ್ಲ. ಗುಂಡು ಯಾವ ದಿಕ್ಕಿನಿಂದ ಬಂತು ಅಂತ ಅವರು ಹುಡುಕುತ್ತಿರುವಾಗ ನೀವು ಬೋಲ್ಟ್ ಎಳೆದು ಎರಡನೇ ಗುಂಡು ಹೊಡೆದಿರುತ್ತೀರಿ.